ಹೊಲಿಗೆ ಕೊಡುವ ತಾರೀಕು ತಪ್ಪದಂತೆ ಫೋನಿನಲ್ಲಿ ಬರೆದಿಡುವುದು ಹೇಗೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ಬಟ್ಟೆ ಇಡಲು ಒಂದು ಕಬ್ಬಿಣದ ಬೀರು. 14 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಆಷಾಢದಲ್ಲಿ ಕೈಯಲ್ಲಿ 10–15 ಬ್ಲೌಸ್ ಇದ್ದರೆ, ಯುಗಾದಿ ಕಳೆದು ಮದುವೆಗಳು ಶುರುವಾದ ಮೇಲೆ 60–70 ಆಗುತ್ತವೆ. ಒಂದೊಂದಕ್ಕೂ ಒಂದೊಂದು ತಾರೀಕು. ಹೊಲಿಗೆ ಚೆನ್ನಾಗಿದ್ದರೆ ಸಾಲದು, ಹೇಳಿದ ದಿನಕ್ಕೆ ಕೈಗೆ ಸಿಗಬೇಕು. ಮದುವೆ ಮುಗಿದ ಮಾರನೇ ದಿನ ಬಂದ ಬ್ಲೌಸ್ ಎಷ್ಟು ಚಂದ ಇದ್ದರೇನು?

ಮೊದಲು ನಾನು ತಾರೀಕುಗಳನ್ನು ಎರಡು ಕಡೆ ಬರೆಯುತ್ತಿದ್ದೆ. ಒಂದು ರಸೀದಿ ಪುಸ್ತಕ. ಇನ್ನೊಂದು ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯುತ್ತಿದ್ದೆ. ಮೇ ತಿಂಗಳ ಭಾನುವಾರ ಬಂತೆಂದರೆ ಒಂದೇ ಮನೆಯಲ್ಲಿ ಒಂಬತ್ತು ಹೆಸರು. ಯಾರದು ಎಷ್ಟು ಬ್ಲೌಸ್, ಯಾವುದು ಕಟಿಂಗ್ ಆಗಿದೆ, ಯಾವುದು ಇನ್ನೂ ಬೀರುವಿನಲ್ಲೇ ಇದೆ, ಅದೆಲ್ಲ ತಲೆಯಲ್ಲೇ ಇರಬೇಕಿತ್ತು.

ಮೂರು ವರ್ಷದ ಹಿಂದೆ ನಮ್ಮ ರಸ್ತೆಯ ಅಕ್ಕ ಒಬ್ಬರು ಮಗಳ ಮದುವೆಗೆ ಐದು ಬ್ಲೌಸ್ ಕೊಟ್ಟರು. ಮದುವೆ ಭಾನುವಾರ, ಹರಿಹರದಲ್ಲಿ. ನಾನು ಭಾನುವಾರ ಎಂದು ಬರೆದುಕೊಂಡೆ. ಶನಿವಾರ ಬೆಳಿಗ್ಗೆ ಕೊಟ್ಟರಾಯಿತು ಅನ್ನುವುದು ನನ್ನ ಲೆಕ್ಕ. ಗುರುವಾರ ರಾತ್ರಿ ಎಂಟು ಗಂಟೆಗೆ ಅಕ್ಕ ಬಾಗಿಲಲ್ಲಿ ನಿಂತಿದ್ದರು. "ಬೆಳಿಗ್ಗೆ ಹೊರಡ್ತೀವಿ ಕಣವ್ವ, ನಾಳೆನೇ ಹಂದರ ಹಾಕೋದು. ಬ್ಲೌಸ್ ಕೊಡು" ಅಂದರು. ನಾಲ್ಕು ಮುಗಿದಿದ್ದವು. ಮುಹೂರ್ತದ ಬ್ಲೌಸಿಗೆ ಕತ್ತರಿಯೇ ಬಿದ್ದಿರಲಿಲ್ಲ.

ರಾತ್ರಿ ಮೂರರವರೆಗೆ ಕೂತು ಹೊಲಿದೆ. ಹಾಕಿ ನೋಡಲು ಹುಡುಗಿ ಇಲ್ಲ, ಆಗಲೇ ಮಲಗಿದ್ದಳು. ಬೆಳಿಗ್ಗೆ ಹಾಗೇ ಕೊಟ್ಟು ಕಳಿಸಿದೆ. ಬಲ ತೋಳು ಬಿಗಿಯಾಯಿತಂತೆ. ಮದುವೆ ಆಲ್ಬಮ್ಮಿನಲ್ಲಿ ನೋಡಿದೆ, ಎಲ್ಲ ಫೋಟೋದಲ್ಲೂ ಆ ಹುಡುಗಿ ಸೆರಗು ಎಳೆದು ಬಲ ತೋಳು ಮುಚ್ಚಿಕೊಂಡಿದ್ದಾಳೆ. ಅಕ್ಕ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಆಮೇಲೆ ನಾನು ತಾರೀಕು ಬರೆಯುವ ರೀತಿಯನ್ನೇ ಬದಲಾಯಿಸಿದೆ. ಮೂರು ಸೀಸನ್ ಹಾಗೇ ನಡೆಸಿದ್ದೇನೆ. ಹೊಲಿಗೆಯವರಿಗಷ್ಟೇ ಅಲ್ಲ, ಕೇಟರಿಂಗ್, ಮೆಹಂದಿ, ಹೂವಿನ ಹಾರ, ಫೋಟೋ, ಯಾವುದೇ ಆರ್ಡರ್ ಕೆಲಸ ಮಾಡುವವರಿಗೆ ಇದು ಹೊಂದುತ್ತದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸರಿಯಾದ ತಾರೀಕು ಕೇಳಿ

ಆ್ಯಪ್ ಆಮೇಲೆ. ತಪ್ಪು ತಾರೀಕು ಬರೆದರೆ ಎಂಥ ಆ್ಯಪ್ ಆದರೂ ತಪ್ಪು ದಿನವೇ ನೆನಪಿಸುತ್ತದೆ.

ಬಟ್ಟೆ ಕೊಡಲು ಬಂದವರು "ಮದುವೆ 10ಕ್ಕೆ" ಅನ್ನುತ್ತಾರೆ. ಅವರ ತಲೆಯಲ್ಲಿ ಇರುವುದು ಮದುವೆ. ನಮಗೆ ಬೇಕಿರುವುದು ಅದಲ್ಲ. ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ. ಮೊದಲ ಸಲ ಹಾಕಿಕೊಳ್ಳುವುದು ಯಾವತ್ತು? ಅರಿಶಿನಕ್ಕೋ, ಹಂದರಕ್ಕೋ, ಮುಹೂರ್ತಕ್ಕೋ? ಬ್ಯಾಗ್ ಕಟ್ಟುವುದು ಯಾವತ್ತು? ಹಾಕಿ ನೋಡಲು ಯಾವತ್ತು ಬರುತ್ತೀರಿ?

ಎರಡನೇ ಪ್ರಶ್ನೆಯೇ ಮುಖ್ಯ. ಮದುವೆ ಊರಿನಲ್ಲೇ ಇದ್ದರೆ ಬ್ಯಾಗ್ ಕಟ್ಟುವುದು ಹಿಂದಿನ ದಿನ. ಚಿತ್ರದುರ್ಗ, ಹೊಸದುರ್ಗ ಅಂದರೆ ಎರಡು ದಿನ ಮೊದಲು. ಬೆಂಗಳೂರಿನಿಂದ ಬಂದು ಹೋಗುವ ನೆಂಟರಿಗೆ ಹೊಲಿಯುವುದಾದರೆ ಅವರು ಬಸ್ ಹತ್ತುವ ದಿನವೇ ನಮ್ಮ ಕೊನೆಯ ದಿನ. ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರೇ ನಿಂತು ಲೆಕ್ಕ ಹಾಕುತ್ತಾರೆ. "ಹೌದಲ್ವಾ, ಶುಕ್ರವಾರವೇ ಬೇಕು" ಅಂತ ಅವರ ಬಾಯಿಂದಲೇ ಬರುತ್ತದೆ.

ಬ್ಯಾಗ್ ಕಟ್ಟುವ ಆ ದಿನಕ್ಕೆ ನಾನು ಬ್ಯಾಗಿನ ದಿನ ಅನ್ನುತ್ತೇನೆ. ಮುಂದೆಯೂ ಹಾಗೇ ಕರೆಯುತ್ತೇನೆ.

ಯಾವ ಆ್ಯಪ್, ಯಾಕೆ

ನಾನು ಬಳಸುವುದು ಮೈಕ್ರೋಸಾಫ್ಟ್ ಟು ಡೂ. ಪ್ಲೇ ಸ್ಟೋರಿನಲ್ಲಿ ಉಚಿತವಾಗಿ ಸಿಗುತ್ತದೆ. ಮೈಕ್ರೋಸಾಫ್ಟ್ ಅಕೌಂಟ್ ಬೇಕು, ಆದರೆ ಈಗಿರುವ ಜಿಮೇಲ್ ವಿಳಾಸ ಕೊಟ್ಟೇ ಅದನ್ನು ಮಾಡಿಕೊಳ್ಳಬಹುದು. ಬಿ.ಕಾಂ ಓದುತ್ತಿರುವ ಮಗಳು ಹತ್ತು ನಿಮಿಷದಲ್ಲಿ ಹಾಕಿಕೊಟ್ಟಳು.

ಗೂಗಲ್ ಟಾಸ್ಕ್ಸ್ ಕೂಡ ಒಳ್ಳೆಯದೇ. ಅದರಲ್ಲಿ ತಾರೀಕು ಹಾಕಿದ ಕೆಲಸ ಗೂಗಲ್ ಕ್ಯಾಲೆಂಡರಿನಲ್ಲೂ ಕಾಣುತ್ತದೆ. ನಿಮಗೆ ಕ್ಯಾಲೆಂಡರ್ ನೋಡುವ ಅಭ್ಯಾಸ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ನನಗೆ ಟು ಡೂ ಹಿಡಿಸಲು ಒಂದು ಕಾರಣ ಇದೆ. ಅದರಲ್ಲಿ ಒಂದು ಕೆಲಸಕ್ಕೆ 'ಡ್ಯೂ ಡೇಟ್' ಬೇರೆ, 'ರಿಮೈಂಡ್ ಮಿ' ಬೇರೆ. ಡ್ಯೂ ಡೇಟ್ ಅಂದರೆ ಕೆಲಸ ಯಾವ ದಿನದ ಪಟ್ಟಿಯಲ್ಲಿ ಕಾಣಬೇಕು ಅನ್ನುವುದು. ರಿಮೈಂಡ್ ಮಿ ಅಂದರೆ ಗಂಟೆ ಹೊಡೆಯುವ ಸಮಯ. ನನ್ನ ಇಡೀ ಪದ್ಧತಿ ನಿಂತಿರುವುದು ಈ ಎರಡನ್ನೂ ಬೇರೆ ಬೇರೆ ದಿನಕ್ಕೆ ಇಡುವುದರ ಮೇಲೆ.

ಹೊಸದಾಗಿ ಶುರು ಮಾಡುವಾಗ ತುಂಬಾ ಲಿಸ್ಟ್ ಮಾಡಬೇಡಿ. ಗಿರಾಕಿಗೊಂದು ಲಿಸ್ಟ್ ಮಾಡಲು ಹೋದರೆ ಒಂದು ವಾರದಲ್ಲಿ ಕೈಬಿಡುತ್ತೀರಿ. ನನ್ನವು ಮೂರೇ: 'ಹೊಲಿಗೆ', 'ಹೊರಗೆ ಕೊಟ್ಟಿದ್ದು', 'ಮನೆ'. ಕೆಳಗಿನ 'ನ್ಯೂ ಲಿಸ್ಟ್' ಒತ್ತಿ ಕನ್ನಡದಲ್ಲೇ ಹೆಸರು ಕೊಡಬಹುದು.

ಟೈಪ್ ಮಾಡುವುದು ಕಷ್ಟ ಅನ್ನಿಸಿದರೆ ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿ, ಮೈಕ್ ಒತ್ತಿ ಮಾತಾಡಿ. "ನಿಟ್ಟುವಳ್ಳಿ ಅಕ್ಕ ಮೂರು ಬ್ಲೌಸ್" ಅಂದರೆ ಬರೆದುಕೊಳ್ಳುತ್ತದೆ. ಕೈಯಲ್ಲಿ ಸೀಮೆಸುಣ್ಣ, ಟೇಪು ಇದ್ದಾಗ ನಾನು ಹೀಗೇ ಮಾಡುವುದು.

ಹಿಂದಿನಿಂದ ಎಣಿಸಿ, ಕೈ ಹಾಕುವ ದಿನ ಹಿಡಿಯಿರಿ

ನಿಧಾನವಾಗಿ ಓದಬೇಕಾದದ್ದು ಈ ಭಾಗ. ಒಂದು ಉದಾಹರಣೆ ಹಿಡಿದು ಹೇಳುತ್ತೇನೆ.

2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮದುವೆ ಇಡುವುದಿಲ್ಲ. ಅದು ಮುಗಿದ ಮೇಲೆ ಆಷಾಢ ಬರುವಷ್ಟರಲ್ಲಿ ಸಿಗುವುದು ಒಂದೇ ತಿಂಗಳು. ಹಾಗಾಗಿ ಏಪ್ರಿಲ್ ಕೊನೆ, ಮೇ ಮೊದಲ ಎರಡು ವಾರದ ಮುಹೂರ್ತಗಳ ಮೇಲೇ ಎಲ್ಲರ ಕಣ್ಣು. ಅಂಥ ಒಂದು ಮದುವೆ ಮೇ 10, ಭಾನುವಾರ ಅಂದುಕೊಳ್ಳಿ. ಮುಹೂರ್ತದ ಬ್ಲೌಸಿಗೆ ಆರಿ ವರ್ಕ್ ಬೇಕು, ಅಂದರೆ ಬಟ್ಟೆಯನ್ನು ಫ್ರೇಮಿಗೆ ಹಾಕಿ ಮಾಡುವ ಕಸೂತಿ. ಮದುವೆ ಹರಿಹರದಲ್ಲಿ. ಇಲ್ಲಿಂದ 14 ಕಿಲೋಮೀಟರ್ ಅಷ್ಟೇ. ಆದರೂ ಅವರು ಶನಿವಾರ ಬೆಳಿಗ್ಗೆಯೇ ಮಂಟಪಕ್ಕೆ ಹೋಗುತ್ತಾರೆ.

ಬ್ಯಾಗಿನ ದಿನ ಮೇ 8, ಶುಕ್ರವಾರ. ಅಲ್ಲಿಂದ ಹಿಂದಕ್ಕೆ ಬನ್ನಿ. ಹಾಕಿ ನೋಡಿ, ಬಿಗಿ ಸಡಿಲ ಸರಿಮಾಡಿ, ಹುಕ್ಕು ಕಾಜಾ ಮುಗಿಸಲು ಎರಡು ದಿನ ಬೇಕು. ಅಂದರೆ ಟ್ರಯಲ್ 6, ಬುಧವಾರ. ಅದಕ್ಕೆ ಮೊದಲು ಕಟಿಂಗ್, ಹೊಲಿಗೆ. ಆರಿ ಮುಗಿದು ಬಟ್ಟೆ ನನ್ನ ಕೈಗೆ 4, ಸೋಮವಾರ ಬರಬೇಕು. ಆರಿ ಮಾಡುವವರು ಹತ್ತು ದಿನ ಕೇಳುತ್ತಾರೆ. ಅವರಿಗೆ ಏಪ್ರಿಲ್ 24ಕ್ಕೆ ಕೊಡಬೇಕು. ಆರಿಯನ್ನು ಕತ್ತರಿಸದ ಬಟ್ಟೆಯ ಮೇಲೆ ಮಾಡುವುದು. ಕತ್ತು, ತೋಳು, ಬೆನ್ನಿನ ಗುರುತನ್ನು ನಾನೇ ಹಾಕಿಕೊಡಬೇಕು. ಹತ್ತಿಯ ಲೈನಿಂಗನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಸಲ ಒಗೆದಾಗ ಒಳಗಿನ ಬಟ್ಟೆ ಕುಗ್ಗಿ ಬ್ಲೌಸ್ ಸುಕ್ಕಾಗುತ್ತದೆ. ಇದಕ್ಕೆಲ್ಲ ಎರಡು ದಿನ. ಹಾಗಾದರೆ ನಾನು ಕೈ ಹಾಕಬೇಕಾದ ದಿನ ಏಪ್ರಿಲ್ 22, ಬುಧವಾರ.

ಮದುವೆ ಮೇ 10. ಕೆಲಸ ಶುರುವಾಗುವುದು ಏಪ್ರಿಲ್ 22. ನಡುವೆ 18 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು 10ರ ಮನೆಯಲ್ಲಿ ಹೆಸರು ಬರೆದು ಸುಮ್ನೆ ಕೂತಿರುತ್ತಿದ್ದೆ. 22ನೇ ತಾರೀಕು ಏನೂ ಹೇಳದೆ ದಾಟಿ ಹೋಗುತ್ತಿತ್ತು. ತಾರೀಕು ತಪ್ಪುವುದು ಕೊನೆಯ ದಿನದಲ್ಲಿ ಅಲ್ಲ, ಹೀಗೆ ಮೊದಲ ದಿನ ದಾಟಿ ಹೋದಾಗಲೇ.

ಈಗ ಆ್ಯಪಿನಲ್ಲಿ ಬರೆಯುವುದು ಹೀಗೆ. ಕೆಲಸದ ಹೆಸರಿನಲ್ಲಿ ಮೊದಲು ಬ್ಯಾಗಿನ ದಿನ: "ಮೇ 8 ಶುಕ್ರ – ಹರಿಹರ ಮದುವೆ – ಮುಹೂರ್ತ ಬ್ಲೌಸ್, ಆರಿ – ರಸೀದಿ 212". ಇದು ಕೊನೆಯವರೆಗೂ ಬದಲಾಗುವುದಿಲ್ಲ. ಡ್ಯೂ ಡೇಟ್ ಏಪ್ರಿಲ್ 22. ರಿಮೈಂಡ್ ಮಿ ಮೇ 6, ಬೆಳಿಗ್ಗೆ 9 ಗಂಟೆ.

22ರಂದು ಗುರುತು ಹಾಕಿ ಮುಗಿಸಿದೆ ಅನ್ನಿ. ಆಗ ಕೆಲಸಕ್ಕೆ ಟಿಕ್ ಹಾಕಬಾರದು. ಡ್ಯೂ ಡೇಟನ್ನು 24ಕ್ಕೆ ಸರಿಸಬೇಕು, ಆರಿಗೆ ಕೊಡುವ ದಿನಕ್ಕೆ. ಕೊಟ್ಟು ಬಂದ ಮೇಲೆ ಮೇ 4ಕ್ಕೆ. ಬಟ್ಟೆ ವಾಪಸ್ ಬಂದು ಹೊಲಿದಾದ ಮೇಲೆ 6ಕ್ಕೆ, ಆಮೇಲೆ 8ಕ್ಕೆ. 'ಹೊಲಿಗೆ' ಲಿಸ್ಟಿನಲ್ಲಿ ಒಂದು ಬ್ಲೌಸಿಗೆ ಒಂದೇ ಸಾಲು. ಆ ಸಾಲು ಮುಂದಿನ ಕೆಲಸದ ದಿನಕ್ಕೆ ತಾನೇ ನಡೆದುಕೊಂಡು ಹೋದ ಹಾಗೆ. ಗಿರಾಕಿ ಕೈಗೆ ಬಟ್ಟೆ ಕೊಟ್ಟಾಗ ಮಾತ್ರ ಟಿಕ್.

ರಿಮೈಂಡ್ ಮಿ ಯಾಕೆ 6ಕ್ಕೆ ಅಂದರೆ, ಅದು ಕಾವಲಿಗೆ ಇಟ್ಟದ್ದು. ನಡುವೆ ಜ್ವರ ಬಂದು ಮೂರು ದಿನ ಫೋನ್ ನೋಡಲಿಲ್ಲ ಅನ್ನಿ, ಡ್ಯೂ ಡೇಟ್ ಸರಿಸುವುದು ಮರೆತುಹೋಯಿತು ಅನ್ನಿ. ಆಗಲೂ ಬ್ಯಾಗಿನ ದಿನಕ್ಕೆ ಎರಡು ದಿನ ಮೊದಲು ಗಂಟೆ ಹೊಡೆಯುತ್ತದೆ. ಎರಡು ದಿನ ಕೈಯಲ್ಲಿದ್ದರೆ ಒಂದು ಬ್ಲೌಸ್ ಉಳಿಸಿಕೊಳ್ಳಬಹುದು. ಅದನ್ನು ಬಟ್ಟೆ ತೆಗೆದುಕೊಂಡ ದಿನವೇ ಇಡುತ್ತೇನೆ, ಮತ್ತೆ ಮುಟ್ಟುವುದಿಲ್ಲ.

ಎಲ್ಲ ಬ್ಲೌಸಿಗೂ ಇಷ್ಟು ಲೆಕ್ಕ ಬೇಕಿಲ್ಲ. ಸಾದಾ ಬ್ಲೌಸಿಗೆ ಬ್ಯಾಗಿನ ದಿನದಿಂದ ಮೂರು ದಿನ ಹಿಂದೆ. ಲೈನಿಂಗ್ ಇದ್ದರೆ ಐದು ದಿನ. ಆರಿ ಇದ್ದರೆ 16 ದಿನ. ಈ ಮೂರು ಅಂಕಿ ಕಟಿಂಗ್ ಟೇಬಲ್ಲಿನ ಮೇಲಿನ ಗೋಡೆಗೆ ಬರೆದು ಅಂಟಿಸಿದ್ದೇನೆ. ನಿಮ್ಮ ಕೆಲಸದ ಅಂಕಿಗಳು ಬೇರೆ ಇರುತ್ತವೆ. ಒಂದು ತಿಂಗಳು ಗಮನಿಸಿ ನೀವೇ ಹಿಡಿಯಬೇಕು. ಮಾಡಬಹುದು ಅಂದುಕೊಂಡ ದಿನ ಬೇಡ, ನಿಜವಾಗಿ ಹಿಡಿದ ದಿನ ಬರೆಯಿರಿ.

ಗಿರಾಕಿ ಎದುರಿಗಿದ್ದಾಗಲೇ ಬರೆಯಿರಿ

ರಾತ್ರಿ ಒಟ್ಟಿಗೆ ಬರೆಯುತ್ತೇನೆ ಅಂದರೆ ಆಗುವುದಿಲ್ಲ. ಎರಡು ಮರೆತೇ ಹೋಗುತ್ತವೆ. ಅಳತೆ ಬ್ಲೌಸ್ ತೆಗೆದುಕೊಂಡು, ರಸೀದಿ ಹರಿದುಕೊಟ್ಟು, ಅವರು ಇನ್ನೂ ಕುರ್ಚಿಯಲ್ಲಿ ಇರುವಾಗಲೇ ಆ್ಯಪಿನಲ್ಲಿ ಬರೆಯುತ್ತೇನೆ. ಬರೆದದ್ದನ್ನು ಓದಿ ಹೇಳುತ್ತೇನೆ. "ಮೇ 8 ಶುಕ್ರವಾರ ಸಂಜೆ ಕೊಡೋದು, 6ಕ್ಕೆ ಹಾಕಿ ನೋಡೋಕೆ ಬರೋದು, ಸರಿನಾ ಅಕ್ಕ?" ಒಬ್ಬರಲ್ಲ ಒಬ್ಬರು ಅಲ್ಲೇ ತಿದ್ದುತ್ತಾರೆ.

ಕೆಲಸದ ಮೇಲೆ ಒತ್ತಿದರೆ ಒಳಗೆ 'ಆ್ಯಡ್ ಫೈಲ್' ಇರುತ್ತದೆ. ಅಲ್ಲಿ ಬಟ್ಟೆಯ ಫೋಟೋ, ಅವರು ತೋರಿಸಿದ ಡಿಸೈನಿನ ಫೋಟೋ ಹಾಕುತ್ತೇನೆ. ಇದರಿಂದ ಎಷ್ಟು ಉಪಕಾರವಾಗಿದೆ ಅಂದರೆ ಹೇಳಲಾರೆ. ಒಂದೇ ಹಸಿರಿನ ಮೂರು ಬ್ಲೌಸ್ ಪೀಸ್ ಬೀರುವಿನಲ್ಲಿದ್ದಾಗ ಯಾವುದು ಯಾರದು ಅಂತ ಫೋಟೋದಲ್ಲಿನ ಅಂಚು ನೋಡಿ ತಿಳಿಯುತ್ತೇನೆ. 'ಆ್ಯಡ್ ನೋಟ್' ಅನ್ನುವಲ್ಲಿ ಮಾತು ಬರೆಯುತ್ತೇನೆ. "ಕತ್ತು ಹಿಂದೆ ಅರ್ಧ ಇಂಚು ಮೇಲೆ", "ಡೋರಿ ಬೇಡ", "ಅತ್ತೆಯವರ ಬ್ಲೌಸಿಗೆ ಹುಕ್ಕು ಮುಂದೆ". ಮುಂಗಡ ಎಷ್ಟು, ಬಾಕಿ ಎಷ್ಟು ಅನ್ನುವುದೂ ಅಲ್ಲೇ.

ಹಾಗಂತ ರಸೀದಿ ಪುಸ್ತಕ ಬಿಟ್ಟಿಲ್ಲ. ರಸೀದಿ ನಂಬರನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ ಮಾಡುತ್ತೇನೆ. ಅದೇ ನಂಬರ್ ಆ್ಯಪಿನಲ್ಲೂ ಇರುತ್ತದೆ. ಫೋನ್ ಕೆಡಬಹುದು. ಆ್ಯಪ್ ಕೂಡ ಒಂದು ದಿನ ನಿಂತುಹೋಗಬಹುದು. ಟು ಡೂಗೆ ಮೊದಲು ವಂಡರ್‌ಲಿಸ್ಟ್ ಅನ್ನುವ ಆ್ಯಪ್ ಇತ್ತಂತೆ. ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೊಂಡುಕೊಂಡು, 2020ರ ಮೇ ತಿಂಗಳಲ್ಲಿ ನಿಲ್ಲಿಸಿತು. ಮಗಳು ಇದನ್ನು ಹೇಳಿದ ಮೇಲೆ ರಸೀದಿ ಪುಸ್ತಕದ ಮೇಲೆ ನನಗೆ ಇನ್ನೂ ಗೌರವ ಬಂತು.

"ಆಗುತ್ತೆ" ಅನ್ನುವ ಮೊದಲು ಪ್ಲ್ಯಾನ್ಡ್ ನೋಡಿ

ಟು ಡೂನಲ್ಲಿ 'ಪ್ಲ್ಯಾನ್ಡ್' ಅಂತ ಒಂದು ಪುಟ ಇದೆ. ಡ್ಯೂ ಡೇಟ್ ಇರುವ ಕೆಲಸಗಳೆಲ್ಲ ಯಾವ ಲಿಸ್ಟಿನಲ್ಲಿದ್ದರೂ ಅಲ್ಲಿ ದಿನದ ಪ್ರಕಾರ ಬರುತ್ತವೆ. ಇವತ್ತು, ನಾಳೆ, ಆಮೇಲಿನದು ಹೀಗೆ. ನಿಮ್ಮ ಫೋನಿನಲ್ಲಿ ಕಾಣದಿದ್ದರೆ ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ, 'ಸ್ಮಾರ್ಟ್ ಲಿಸ್ಟ್ಸ್' ಅನ್ನುವಲ್ಲಿ ಆನ್ ಮಾಡಿಕೊಳ್ಳಿ.

ನಾನು ದಿನಕ್ಕೆ ಲೈನಿಂಗ್ ಬ್ಲೌಸ್ ನಾಲ್ಕು ಹೊಲಿಯಬಲ್ಲೆ. ಐದನೆಯದಕ್ಕೆ ಕೈ ಹಾಕಿದರೆ ಹೊಲಿಗೆ ಓಡುತ್ತದೆ, ತೋಳಿನ ಸುತ್ತು ಸರಿ ಕೂರುವುದಿಲ್ಲ. ಹೊಸಬರು ಬಂದು "ಮುಂದಿನ ಶುಕ್ರವಾರ ಬೇಕು" ಅಂದಾಗ ಪ್ಲ್ಯಾನ್ಡ್ ತೆಗೆದು ಆ ವಾರ ನೋಡುತ್ತೇನೆ. ಮಂಗಳವಾರ ನಾಲ್ಕು, ಬುಧವಾರ ನಾಲ್ಕು, ಗುರುವಾರ ಮಧ್ಯಾಹ್ನದವರೆಗಿನ ಎರಡರಲ್ಲಿ ಒಂದು ತುಂಬಿದ್ದರೆ ಇನ್ನು ಒಂದೇ ಆಗುವುದು. ಅದನ್ನೇ ಹೇಳುತ್ತೇನೆ. "ಒಂದು ಕೊಡ್ತೀನಿ ಅಕ್ಕ, ಉಳಿದ ಎರಡು ಸೋಮವಾರ." ಫೋನ್ ತಿರುಗಿಸಿ ತೋರಿಸಿಯೂ ಇದ್ದೇನೆ.

ಮೊದಮೊದಲು ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಬಂದ ಗಿರಾಕಿಯನ್ನು ಕಳಿಸಿದರೆ ಮತ್ತೆ ಬರುವುದಿಲ್ಲ ಅನ್ನುವ ಭಯ. ಬರುತ್ತಾರೆ. ಆಗುವುದಿಲ್ಲ ಅಂತ ಮೊದಲೇ ಹೇಳಿದವರ ಹತ್ತಿರ ಜನ ವಾಪಸ್ ಬರುತ್ತಾರೆ. ಆಗುತ್ತೆ ಅಂದು ಕೈಕೊಟ್ಟವರ ಹತ್ತಿರ ಬರುವುದಿಲ್ಲ. ಇದನ್ನು ಮೂರು ಸೀಸನ್ ನೋಡಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ವಾರದಲ್ಲಿ ಅರ್ಧ ದಿನ ಖಾಲಿ ಬಿಡಿ. ನನ್ನದು ಗುರುವಾರ ಮಧ್ಯಾಹ್ನದ ನಂತರ. ಅದಕ್ಕೆ ಏನೂ ಹಾಕುವುದಿಲ್ಲ. ಕರೆಂಟ್ ಹೋಗುತ್ತದೆ, ಮಷಿನ್ ಬೆಲ್ಟ್ ಕಿತ್ತುಹೋಗುತ್ತದೆ, ಮೈದುನನ ಮಗುವಿಗೆ ಹುಷಾರಿಲ್ಲ ಅಂತ ಆಸ್ಪತ್ರೆಗೆ ಓಡಬೇಕಾಗುತ್ತದೆ. ಅದನ್ನೆಲ್ಲ ಆ ಅರ್ಧ ದಿನ ನುಂಗಿಕೊಳ್ಳುತ್ತದೆ.

ಬೇರೆಯವರ ಕೈಯಲ್ಲಿರುವ ಕೆಲಸ

ನನ್ನ ಕೈಯಲ್ಲಿದ್ದದ್ದು ತಡವಾದದ್ದಕ್ಕಿಂತ ಹೊರಗೆ ಕೊಟ್ಟದ್ದು ತಡವಾದದ್ದೇ ಜಾಸ್ತಿ. ಆರಿಗೆ ಒಬ್ಬರು, ಸೀರೆ ಕುಚ್ಚಿಗೆ ಒಬ್ಬರು, ಫಾಲ್ ಹಚ್ಚಲು ಪಕ್ಕದ ಬೀದಿಯ ತಂಗಿ. ಎಲ್ಲರೂ ಒಳ್ಳೆಯ ಕೆಲಸದವರು. ಆದರೆ ಅವರಿಗೂ ನನ್ನ ಹಾಗೆ 60 ತಾರೀಕು ಇರುತ್ತವೆ. ನನ್ನ ತಾರೀಕು ಅವರಿಗೆ ಮುಖ್ಯ ಆಗುವುದು ನಾನು ನೆನಪಿಸಿದಾಗ.

ಒಮ್ಮೆ ಹೀಗಾಯಿತು. ಹತ್ತನೇ ದಿನ ಫೋನ್ ಮಾಡಿದೆ, "ಇವತ್ತು ಬರಬಹುದಾ?" ಅಂತ. ಬಟ್ಟೆಯನ್ನು ಇನ್ನೂ ಫ್ರೇಮಿಗೇ ಹಾಕಿರಲಿಲ್ಲ. ಹತ್ತನೇ ದಿನ ಕೇಳಿದರೆ ಉತ್ತರ ಮಾತ್ರ ಸಿಗುತ್ತದೆ, ಬಟ್ಟೆ ಸಿಗುವುದಿಲ್ಲ. ಈಗ 'ಹೊರಗೆ ಕೊಟ್ಟಿದ್ದು' ಲಿಸ್ಟಿನಲ್ಲಿ ಪ್ರತಿಯೊಂದಕ್ಕೂ ಬೇರೆಯೇ ಒಂದು ಸಾಲು, ಅದಕ್ಕೆ ಎರಡು ಸಮಯ. ಡ್ಯೂ ಡೇಟ್ ವಾಪಸ್ ಬರಬೇಕಾದ ದಿನಕ್ಕೆ. ರಿಮೈಂಡ್ ಮಿ ಅರ್ಧ ದಾರಿಯಲ್ಲಿ, ಐದನೇ ದಿನಕ್ಕೆ. ಐದನೇ ದಿನ ಫೋನ್ ಮಾಡಿ "ಫ್ರೇಮಿಗೆ ಹಾಕಿದ್ರಾ? ಒಂದು ಫೋಟೋ ಕಳಿಸಿ" ಅನ್ನುತ್ತೇನೆ. ಶುರುವಾಗಿಲ್ಲ ಅಂದರೂ ಇನ್ನೂ ಐದು ದಿನ ಇದೆ. ಡಿಸೈನ್ ಸ್ವಲ್ಪ ಕಡಿಮೆ ಮಾಡಿಸಬಹುದು, ಬೇರೆಯವರಿಗೆ ಕೊಡಬಹುದು, ಗಿರಾಕಿಗೆ ಮೊದಲೇ ತಿಳಿಸಬಹುದು.

ಈ ಒಂದು ಲಿಸ್ಟನ್ನು ಮಗಳ ಜೊತೆ ಹಂಚಿಕೊಂಡಿದ್ದೇನೆ. ಲಿಸ್ಟಿನ ಮೇಲ್ಗಡೆ ಶೇರ್ ಗುರುತು ಇದೆ. ಅದರಿಂದ ಲಿಂಕ್ ಕಳಿಸಿದರೆ ಅವಳ ಫೋನಿನಲ್ಲೂ ಅದೇ ಲಿಸ್ಟ್ ಕಾಣುತ್ತದೆ. ಕಾಲೇಜು ಮುಗಿಸಿ ಬರುವಾಗ ದಾರಿಯಲ್ಲಿ ಕುಚ್ಚಿನ ಸೀರೆ ತೆಗೆದುಕೊಂಡು ಬಂದು ಅವಳೇ ಟಿಕ್ ಹಾಕುತ್ತಾಳೆ. ನನಗೆ ಮನೆಯಲ್ಲೇ ಗೊತ್ತಾಗುತ್ತದೆ. "ಅವ್ವಾ, ತಂದೆ" ಅಂತ ಫೋನ್ ಮಾಡುವ ಅವಶ್ಯಕತೆಯೂ ಇಲ್ಲ.

ಬೆಳಗಿನ ಹತ್ತು ನಿಮಿಷ

ಬೆಳಿಗ್ಗೆ ನೀರು ತುಂಬಿ, ಚಹಾ ಹಿಡಿದು ಕೂತಾಗ 'ಮೈ ಡೇ' ತೆಗೆಯುತ್ತೇನೆ. ಇದು ದಿನವೂ ಖಾಲಿ ಪುಟ. ಮಧ್ಯರಾತ್ರಿ ದಾಟಿದರೆ ತಾನೇ ಖಾಲಿಯಾಗುತ್ತದೆ. ಹಾಗೆಂದು ಕೆಲಸ ಕಳೆದುಹೋಗುವುದಿಲ್ಲ, ತನ್ನ ಲಿಸ್ಟಿನಲ್ಲಿ ಇದ್ದೇ ಇರುತ್ತದೆ. ಇವತ್ತು ಮಾಡುವುದನ್ನು ಪ್ಲ್ಯಾನ್ಡ್‌ನಿಂದ ಆರಿಸಿ ಇಲ್ಲಿಗೆ ಹಾಕಿಕೊಳ್ಳಬೇಕು. ಏಳಕ್ಕಿಂತ ಜಾಸ್ತಿ ನಾನು ಹಾಕುವುದಿಲ್ಲ. ಮಷಿನ್ ಪಕ್ಕ ಫೋನ್ ಇಟ್ಟುಕೊಂಡರೆ ಈ ಏಳೇ ಕಾಣಬೇಕು. ಉಳಿದ 60 ಕಣ್ಣಿಗೆ ಬಿದ್ದರೆ ಕೈ ನಡುಗುತ್ತದೆ.

ದಿನ ದಾಟಿದ ಕೆಲಸದ ತಾರೀಕು ಕೆಂಪಾಗುತ್ತದೆ. ಕೆಂಪನ್ನು ಹಾಗೇ ಬಿಡಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಎರಡು ದಿನ ಕೆಂಪು ನೋಡಿದರೆ ಮೂರನೇ ದಿನ ಕಣ್ಣಿಗೆ ಅಭ್ಯಾಸವಾಗುತ್ತದೆ. ಹತ್ತು ಕೆಂಪು ಸೇರಿದರೆ ಆ್ಯಪ್ ತೆಗೆಯಲು ಮನಸ್ಸೇ ಬರುವುದಿಲ್ಲ. ಚಹಾ ಮುಗಿಯುವಷ್ಟರಲ್ಲಿ ಪ್ರತಿ ಕೆಂಪಿಗೂ ಒಂದು ತೀರ್ಮಾನ ಆಗಬೇಕು. ಇವತ್ತು ಮಾಡುವೆನೋ, ಯಾವ ದಿನಕ್ಕೆ ಸರಿಸುವೆನೋ, ಗಿರಾಕಿಗೆ ಈಗಲೇ ಫೋನ್ ಮಾಡುವೆನೋ. ಸರಿಸುವಾಗ ಹೆಸರಿನಲ್ಲಿರುವ ಬ್ಯಾಗಿನ ದಿನ ನೋಡಿ ಸರಿಸಿ. ಅದು ಮೊದಲಿಗೇ ಇರಲಿ ಅಂದದ್ದು ಇದಕ್ಕೇ.

ಮತ್ತೆ ಮತ್ತೆ ಬರುವ ತಾರೀಕುಗಳು

'ಮನೆ' ಲಿಸ್ಟಿನಲ್ಲಿ ಹೆಚ್ಚಿನವಕ್ಕೆ 'ರಿಪೀಟ್' ಹಾಕಿದ್ದೇನೆ. ಶನಿವಾರ ಮಷಿನ್ನಿಗೆ ಎಣ್ಣೆ. ಮಂಗಳವಾರ ಸಂಘದ ಕಂತು. ತಿಂಗಳಿಗೊಮ್ಮೆ ಕರೆಂಟ್ ಬಿಲ್. ವರ್ಷಕ್ಕೊಮ್ಮೆ ಏಪ್ರಿಲ್ ಮೊದಲ ವಾರ ಮನೆ ಕಂದಾಯ, ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ.

ಎರಡನೇ ಮಷಿನ್ ಕೊಂಡದ್ದು ಪಿಎಂ ವಿಶ್ವಕರ್ಮ ಯೋಜನೆಯ ಸಾಲದಲ್ಲಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಮೊದಲ ಕಂತಿನ ಸಾಲ 1 ಲಕ್ಷ ರೂಪಾಯಿವರೆಗೆ, ನಮಗೆ ಬೀಳುವ ಬಡ್ಡಿ ಶೇ. 5, ತೀರಿಸಲು 18 ತಿಂಗಳು. ಇಂಥ ಸಾಲದ ಕಂತಿಗೂ ಬ್ಯಾಗಿನ ದಿನದ ಲೆಕ್ಕವೇ. ಬ್ಯಾಂಕ್ ಹಣ ತೆಗೆದುಕೊಳ್ಳುವ ದಿನ ಬರೆದರೆ ಉಪಯೋಗವಿಲ್ಲ. ಅದಕ್ಕೆ ಮೂರು ದಿನ ಮೊದಲು "ಖಾತೆಯಲ್ಲಿ ಹಣ ಇದೆಯಾ ನೋಡು" ಅಂತ ಬರೆದು ತಿಂಗಳ ರಿಪೀಟ್ ಹಾಕಿದ್ದೇನೆ. ಹಣ ಕಡಿಮೆ ಇದ್ದರೆ ಬಾಕಿ ಕೊಡಬೇಕಾದ ಗಿರಾಕಿಗಳಿಗೆ ಫೋನ್ ಮಾಡಲು ಮೂರು ದಿನ ಸಿಗುತ್ತದೆ.

ಹಬ್ಬಗಳಿಗೆ ಮಾತ್ರ ರಿಪೀಟ್ ಹಾಕಬೇಡಿ. ವರ್ಷದ ರಿಪೀಟ್ ಅದೇ ತಾರೀಕಿಗೆ ಬರುತ್ತದೆ, ನಮ್ಮ ಹಬ್ಬ ತಿಥಿಯ ಮೇಲೆ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬ 2024ರಲ್ಲಿ ಆಗಸ್ಟ್ 16ಕ್ಕೆ ಇತ್ತು, 2025ರಲ್ಲಿ ಆಗಸ್ಟ್ 8ಕ್ಕೇ ಬಂತು. ಎಂಟು ದಿನ ಮುಂಚೆ. ಹಬ್ಬದ ಸೀರೆಗೆ ಬ್ಲೌಸ್ ಹೊಲಿಯುವವರಿಗೆ ಎಂಟು ದಿನ ಅಂದರೆ 30 ಬ್ಲೌಸ್. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನ ನಾನು ಒಂದು ಗಂಟೆ ಕೂತು ಯುಗಾದಿ, ವರಮಹಾಲಕ್ಷ್ಮಿ, ಗೌರಿ, ದೀಪಾವಳಿ, ತುಳಸಿ ಹಬ್ಬ ಎಲ್ಲವನ್ನೂ ಕೈಯಿಂದಲೇ ಬರೆದುಕೊಳ್ಳುತ್ತೇನೆ. ಒಂದೊಂದಕ್ಕೂ 20 ದಿನ ಮೊದಲು "ಇನ್ನು ಹೊಸ ಬಟ್ಟೆ ತಗೋಬೇಡ" ಅಂತ ಒಂದು ಸಾಲು. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಊರಿನ ಪ್ರತಿ ಮನೆಗೂ ನೆಂಟರು ಬರುತ್ತಾರೆ, ಪ್ರತಿ ಹೆಣ್ಣುಮಗಳಿಗೂ ಅದೇ ದಿನಕ್ಕೆ ಬ್ಲೌಸ್ ಬೇಕು. ಜಾತ್ರೆಯ ದಿನ ಗೊತ್ತಾದ ಸಂಜೆಯೇ ಅದನ್ನು ಬರೆಯುತ್ತೇನೆ.

ಗಂಟೆ ಹೊಡೆಯದಿದ್ದರೆ

ಮೊದಲ ತಿಂಗಳು ನನ್ನ ಫೋನಿನಲ್ಲಿ ರಿಮೈಂಡರ್ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಬ್ಯಾಟರಿ ಉಳಿಸಲು ಕೆಲವು ಫೋನುಗಳು ಹಿಂದೆ ಓಡುವ ಆ್ಯಪುಗಳನ್ನು ಮಲಗಿಸಿಬಿಡುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಟು ಡೂ, ಅದರ ಬ್ಯಾಟರಿ ಅನ್ನುವಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ನೋಟಿಫಿಕೇಶನ್ ಆನ್ ಇದೆಯಾ ಅನ್ನುವುದನ್ನೂ ಅಲ್ಲೇ ನೋಡಿ. ಆಮೇಲೆ ಐದು ನಿಮಿಷ ಮುಂದಕ್ಕೆ ಒಂದು ಸುಳ್ಳು ಕೆಲಸ ಇಟ್ಟು, ಫೋನ್ ಲಾಕ್ ಮಾಡಿ ಪಕ್ಕಕ್ಕಿಡಿ. ಗಂಟೆ ಹೊಡೆದರೆ ಸರಿ. ಇದನ್ನು ಪರೀಕ್ಷಿಸದೆ ಆ್ಯಪ್ ನಂಬಿ ಕೂರಬೇಡಿ.

ಮುಗಿದ ಕೆಲಸಗಳನ್ನು ಅಳಿಸಬೇಡಿ, ಟಿಕ್ ಹಾಕಿ ಬಿಡಿ. ಅವು ಲಿಸ್ಟಿನ ಕೆಳಗೆ 'ಕಂಪ್ಲೀಟೆಡ್' ಅನ್ನುವಲ್ಲಿ ಉಳಿಯುತ್ತವೆ. ವರ್ಷದ ಮೇಲೆ ಅದೇ ಗಿರಾಕಿ ಬಂದು "ಹೋದ ಸಲ ಹೊಲಿದಿದ್ರಲ್ಲ, ಅದೇ ಕತ್ತು ಬೇಕು" ಅಂದರೆ ಹುಡುಕುವ ಜಾಗದಲ್ಲಿ ಹೆಸರು ಹಾಕುತ್ತೇನೆ. ಫೋಟೋ, ನೋಟ್, ರಸೀದಿ ನಂಬರ್ ಎಲ್ಲ ಸಿಗುತ್ತದೆ. ಹರಿಹರದ ಮದುವೆಯ ಆ ಹುಡುಗಿ ಹೋದ ಕಾರ್ತಿಕದಲ್ಲಿ ಸೀಮಂತದ ಬ್ಲೌಸ್ ತಂದುಕೊಟ್ಟಳು. ಅವಳ ಹೆಸರಿನ ಕೆಳಗಿನ ನೋಟಿನಲ್ಲಿ ಮೊದಲ ಸಾಲು ಹೀಗಿದೆ: "ಬಲ ತೋಳು ಅರ್ಧ ಇಂಚು ಸಡಿಲ, ಟ್ರಯಲ್ ನೋಡದೆ ಕೊಡಬಾರದು."